ಹಳೇ ದನಿ, ಹೊಸ ಡಬ್ಬಿ: ಡೂ-ವಾಪ್ ಮರುಬಿಡುಗಡೆ ಕೊಳ್ಳುವ ಮುಂಚೆ

ಮೂರು ಸಿಡಿಗಳ ಸೆಟ್ಟು, 1950ರ ದಶಕದ ಅಮೆರಿಕದ ಡೂ-ವಾಪ್ ಹಾಡುಗಳದ್ದು. ಮುಖಪುಟದಲ್ಲಿ ಕಪ್ಪುಬಿಳುಪು ಫೋಟೋ, ಬಿಳಿ ಕೋಟು ತೊಟ್ಟ ನಾಲ್ಕು ಹುಡುಗರು, ನಾಲ್ವರಿಗೂ ಸೇರಿ ಒಂದೇ ಮೈಕು. ಬೆಲೆಯೂ ಕಡಿಮೆ. ಆಸೆಯಿಂದ ತಂದು ಹಾಕಿದರೆ ಮೊದಲ ಹಾಡಿನಲ್ಲೇ ಎಲೆಕ್ಟ್ರಾನಿಕ್ ಕೀಬೋರ್ಡ್! 1954ರ ಹಾಡಿನೊಳಗೆ ಅದು ಹೇಗೆ ಬಂತು ಸ್ವಾಮಿ? ಹಾಡುತ್ತಿದ್ದವನು ಅದೇ ಗಾಯಕನೇ ಇರಬಹುದು, ಆದರೆ ವಯಸ್ಸಾದ ಮೇಲಿನ ದನಿ, ಮೇಲಿನ ಸ್ವರಕ್ಕೆ ಹೋಗುವಾಗ ಏದುಸಿರು. ಡಬ್ಬಿ ತಿರುಗಿಸಿ ನೋಡಿದೆ. ಬಾರ್‌ಕೋಡ್ ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಮೂಲ ಕಲಾವಿದರಿಂದ ಹೊಸ ಧ್ವನಿಮುದ್ರಣ’ ಎಂದಿತ್ತು.

ಕ್ಯಾಸೆಟ್ ಕಾಲ ನೋಡಿದವರಿಗೆ ಇದು ಹೊಸದಲ್ಲ ಅಲ್ವಾ? ಕವರ್ ಮೇಲೆ ರಾಜ್‌ಕುಮಾರ್ ಫೋಟೋ ಇರುತ್ತಿತ್ತು, ಪಿ.ಬಿ. ಶ್ರೀನಿವಾಸ್ ದನಿ ಕೇಳೋಣ ಅಂತ ಹಾಕಿದರೆ ಬೇರೆ ಯಾರೋ ಹಾಡುತ್ತಿದ್ದರು. ಅದೇ ಕಥೆ ಇಲ್ಲೂ. ಆ ಸೆಟ್ಟಿಗೆ ದುಡ್ಡು ಸುರಿದ ಮೇಲೆ ನಾನು ಕಲಿತದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ವಿಷಯ ಒಂದೇ: ಡಬ್ಬಿ ಮೇಲಿನ ಹೆಸರು ನೋಡಿ ಕೊಳ್ಳಬೇಡಿ, ಒಳಗಿರುವುದು ಯಾವ ವರ್ಷ, ಯಾವ ಕಂಪನಿಗೆ ಹಾಡಿದ್ದು ಅಂತ ತಿಳಿದುಕೊಂಡು ಕೊಳ್ಳಿ.

ಹೆಜ್ಜೆ 1: ಮೊದಲು ಏಳೆಂಟು ಹಾಡು ಕೇಳಿ

ಡೂ-ವಾಪ್ ಅಂದರೆ ಅಮೆರಿಕದ ಊರುಗಳ ಕಪ್ಪು ಹುಡುಗರ ಸಂಗೀತ. ನ್ಯೂಯಾರ್ಕ್, ಬಾಲ್ಟಿಮೋರ್, ಷಿಕಾಗೋ, ಲಾಸ್ ಏಂಜಲೀಸ್. ವಾದ್ಯ ಕೊಳ್ಳಲು ಕಾಸಿಲ್ಲ, ಹಾಗಾಗಿ ಬಾಯಿಯೇ ವಾದ್ಯ. ಒಬ್ಬ ಮುಂದೆ ನಿಂತು ಹಾಡುತ್ತಾನೆ, ಹಿಂದೆ ಇಬ್ಬರು ಮೂವರು ಸ್ವರ ತುಂಬುತ್ತಾರೆ, ತಗ್ಗಿನ ದನಿಯವನು ಡೋಲಿನ ಕೆಲಸವನ್ನೂ ತಾನೇ ಮಾಡುತ್ತಾನೆ. ದನಿ ಮೊಳಗಲಿ ಅಂತ ಮೆಟ್ಟಿಲ ಸಂದಿ, ಸಬ್‌ವೇ ನಿಲ್ದಾಣ, ಬಚ್ಚಲು, ಎಲ್ಲಿ ಗೋಡೆ ತಿರುಗಿ ಹಾಡುತ್ತದೋ ಅಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದರು. ‘ಡೂ-ವಾಪ್’ ಅನ್ನುವ ಹೆಸರು ಆಮೇಲೆ ಅಂಟಿಕೊಂಡದ್ದು. ಆಗ ಇದನ್ನು ರಿದಮ್ ಆಂಡ್ ಬ್ಲೂಸ್ ಅಂತಲೇ ಮಾರುತ್ತಿದ್ದರು.

ಹೆಸರುಗಳಂತೂ ಪಕ್ಷಿಧಾಮ: ಓರಿಯೋಲ್ಸ್, ರೇವನ್ಸ್, ಕ್ರೋಸ್, ರಾಬಿನ್ಸ್, ಫ್ಲಮಿಂಗೋಸ್. ಪೆಂಗ್ವಿನ್ಸ್ ಹೆಸರು ಬಂದದ್ದು ಸಿಗರೇಟ್ ಜಾಹೀರಾತಿನ ಪೆಂಗ್ವಿನ್ನಿನಿಂದ. ಪಕ್ಷಿ ಮುಗಿದ ಮೇಲೆ ಕಾರು ಶುರುವಾಯಿತು: ಕ್ಯಾಡಿಲಾಕ್ಸ್, ಎಲ್ ಡೊರಾಡೋಸ್.

ಕಿವಿ ಹದಕ್ಕೆ ಬರಲಿ ಅಂತ ವರ್ಷದ ಕ್ರಮದಲ್ಲಿ ಇಷ್ಟು ಕೇಳಿ. ಬಾಲ್ಟಿಮೋರಿನ ಓರಿಯೋಲ್ಸ್ 1948ರಲ್ಲಿ ಹಾಡಿದ ‘ಇಟ್ಸ್ ಟೂ ಸೂನ್ ಟು ನೋ’. ಇದನ್ನು ಬರೆದದ್ದು ಅವರ ಮ್ಯಾನೇಜರ್ ಡೆಬೊರಾ ಚೆಸ್ಲರ್ ಎಂಬ ಯುವತಿ. ನಂತರ ಡೊಮಿನೋಸ್ ತಂಡದ ‘ಸಿಕ್ಸ್‌ಟಿ ಮಿನಿಟ್ ಮ್ಯಾನ್’, 1951. ಅದರಲ್ಲಿ ಮುಂದೆ ನಿಂತು ಹಾಡುವವನೇ ತಗ್ಗಿನ ದನಿಯ ಬಿಲ್ ಬ್ರೌನ್. 1954ಕ್ಕೆ ಬಂದರೆ ಸುಗ್ಗಿ: ಕಾರ್ಡ್ಸ್ ಹಾಡಿದ ‘ಶ್-ಬೂಮ್’, ಪೆಂಗ್ವಿನ್ಸ್ ಹಾಡಿದ ‘ಅರ್ಥ್ ಏಂಜಲ್’, ಮೂನ್‌ಗ್ಲೋಸ್ ಹಾಡಿದ ‘ಸಿನ್ಸಿಯರ್ಲಿ’, ಸ್ಪ್ಯಾನಿಯಲ್ಸ್ ಹಾಡಿದ ‘ಗುಡ್‌ನೈಟ್ ಸ್ವೀಟ್‌ಹಾರ್ಟ್’. 1956ರಲ್ಲಿ ಫೈವ್ ಸ್ಯಾಟಿನ್ಸ್, ಫ್ರ್ಯಾಂಕಿ ಲೈಮನ್ ಮತ್ತು ಟೀನೇಜರ್ಸ್. ಕೊನೆಗೆ 1959ರ ಫ್ಲಮಿಂಗೋಸ್. ಒಂದು ಸಂಜೆ ಸಾಕು.

ಒಂದು ಎಚ್ಚರ. ‘ಶ್-ಬೂಮ್’ ಹುಡುಕಿದರೆ ಕ್ರೂ-ಕಟ್ಸ್ ಎಂಬ ಕೆನಡಾದ ಬಿಳಿಯರ ತಂಡ ಮೊದಲು ಸಿಕ್ಕರೂ ಸಿಗಬಹುದು. ಅವರದ್ದು ನಕಲು, ಆದರೆ ಅದೇ ವರ್ಷ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೆ ಹೋದದ್ದು ಅದೇ. ‘ಸಿನ್ಸಿಯರ್ಲಿ’ಗೂ ಹಾಗೇ ಆಯಿತು, 1955ರಲ್ಲಿ ಮ್ಯಾಕ್‌ಗ್ವಾಯರ್ ಸಿಸ್ಟರ್ಸ್ ಹಾಡಿ ಗೆದ್ದರು.

ಹೆಜ್ಜೆ 2: ಮೂಲವೋ, ಮತ್ತೆ ಹಾಡಿದ್ದೋ?

ಇದೇ ಎಲ್ಲಕ್ಕಿಂತ ಮುಖ್ಯ. ಇದೊಂದನ್ನು ನೋಡಿಕೊಂಡರೂ ಅರ್ಧ ದುಡ್ಡು ಉಳಿಯುತ್ತದೆ.

ಪ್ಲ್ಯಾಟರ್ಸ್ ತಂಡದ ‘ಓನ್ಲಿ ಯು’ ತೆಗೆದುಕೊಳ್ಳಿ. ಅವರು ಅದನ್ನು ಮೊದಲು ಹಾಡಿದ್ದು 1954ರಲ್ಲಿ, ಫೆಡರಲ್ ಕಂಪನಿಗೆ. ಕಂಪನಿ ಅದನ್ನು ಹೊರಗೇ ತರಲಿಲ್ಲ. ಮರುವರ್ಷ ಮರ್ಕ್ಯುರಿಗೆ ಹೋಗಿ ಮತ್ತೆ ಹಾಡಿದರು, ಅದು ಲೋಕಕ್ಕೆಲ್ಲ ಗೊತ್ತಾಯಿತು. ಆಗ ಫೆಡರಲ್ ಕೂಡ ಪೆಟ್ಟಿಗೆಯಿಂದ ತನ್ನದನ್ನು ತೆಗೆದು ಮಾರುಕಟ್ಟೆಗೆ ಬಿಟ್ಟಿತು! ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ. ಎರಡರಲ್ಲೂ ಟೋನಿ ವಿಲಿಯಮ್ಸ್ ದನಿಯೇ, ಒಂದೇ ಹಾಡು, ಆದರೆ ಮೊದಲನೆಯದು ಹೊಲಿಯದ ಬಟ್ಟೆಯ ಹಾಗೆ. ಮರ್ಕ್ಯುರಿಯದರಲ್ಲಿ ಮೊದಲ ಪದವನ್ನೇ ಒಡೆದು, ಬಿಕ್ಕಿದ ಹಾಗೆ ಮೇಲಕ್ಕೆ ಎಸೆಯುತ್ತಾನಲ್ಲ, ಆ ತಿರುವು ಹುಟ್ಟಿದ್ದು ಕಾರಿನಲ್ಲಿ ಅಭ್ಯಾಸ ಮಾಡುವಾಗ ಅಂತ ಅದೇ ತಂಡದ ಹರ್ಬ್ ರೀಡ್ ಹೇಳಿಕೊಂಡಿದ್ದಾರೆ. ಕಾರು ಕುಲುಕಿತಂತೆ, ಟೋನಿ ದನಿ ಒಡೆಯಿತಂತೆ, ಎಲ್ಲರೂ ನಕ್ಕರಂತೆ. ಆಮೇಲೆ ಅದನ್ನೇ ಇಟ್ಟುಕೊಂಡರು.

ಡೆಲ್ಸ್ ತಂಡದವರು ‘ಓ ವಾಟ್ ಎ ನೈಟ್’ ಹಾಡಿದ್ದು 1956ರಲ್ಲಿ ವೀ-ಜೇ ಕಂಪನಿಗೆ. 1969ರಲ್ಲಿ ಕೆಡೆಟ್ ಕಂಪನಿಗೆ ಅದನ್ನೇ ಮತ್ತೆ ಹಾಡಿದರು. ಎರಡೂ ಗೆದ್ದವು. ಎರಡನೆಯದೂ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ 1950ರ ದಶಕದ ಸಂಗ್ರಹ ಅಂತ ಕೊಂಡು 1969ರದ್ದು ಸಿಕ್ಕರೆ ಸಿಟ್ಟು ಬರುತ್ತದೋ ಇಲ್ಲವೋ?

ಗುರುತು ಹಿಡಿಯುವುದು ಹೇಗೆ? ಎರಡು ಕಿವಿಗೆ ಬೇರೆ ಬೇರೆ ಸದ್ದು ಕೊಡುವ ಸ್ಟೀರಿಯೋ ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಅಂಗಡಿಗೆ ಬಂದದ್ದು 1958ರಲ್ಲಿ. ಹಾಗಾಗಿ 1953, 54ರ ಹಾಡಿನಲ್ಲಿ ಡ್ರಮ್ಸ್ ಎಡಗಿವಿಗೆ, ಗಿಟಾರ್ ಬಲಗಿವಿಗೆ ಸ್ಪಷ್ಟವಾಗಿ ಬೇರೆಯಾಗಿ ಕೇಳಿದರೆ ಅನುಮಾನ ಪಡಿ. ಒಂದೋ ಆಮೇಲೆ ಹಾಡಿದ್ದು, ಇಲ್ಲವೇ ಮೋನೋವನ್ನು, ಅಂದರೆ ಎರಡು ಕಿವಿಗೂ ಒಂದೇ ಸದ್ದು ಕೊಡುವ ಮುದ್ರಣವನ್ನು, ಯಂತ್ರದಲ್ಲಿ ಎರಡು ಹೋಳು ಮಾಡಿದ್ದು. 1960ರ ದಶಕದ ಎಲ್‌ಪಿಗಳಲ್ಲಿ ಈ ಎರಡನೇ ಚಾಳಿ ಬಹಳ. ಹಾಡು ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದೆ. ‘ಮೂಲ ಕಲಾವಿದರು’ ಅಂತ ಬರೆದಿದ್ದರೆ ಅದಕ್ಕೆ ಅರ್ಥವಿಲ್ಲ. ‘ಮೂಲ ಧ್ವನಿಮುದ್ರಣ’ ಅಂತ ಇರಬೇಕು.

ತಂಡದ ಹೆಸರನ್ನೂ ನಂಬುವ ಹಾಗಿಲ್ಲ. 1953ರಲ್ಲಿ ಕ್ಲೈಡ್ ಮೆಕ್‌ಫ್ಯಾಟರ್ ಮುಂದಾಳಾಗಿ ಡ್ರಿಫ್ಟರ್ಸ್ ತಂಡ ಹುಟ್ಟಿತು. 1958ರಲ್ಲಿ ಮ್ಯಾನೇಜರ್ ಜಾರ್ಜ್ ಟ್ರೆಡ್‌ವೆಲ್ ಇದ್ದವರನ್ನೆಲ್ಲ ಮನೆಗೆ ಕಳಿಸಿ, ಫೈವ್ ಕ್ರೌನ್ಸ್ ಎಂಬ ಬೇರೊಂದು ತಂಡವನ್ನೇ ತಂದು ಅದೇ ಹೆಸರಿನಲ್ಲಿ ನಿಲ್ಲಿಸಿದ. ಗಾಯಕ ಬೆನ್ ಇ. ಕಿಂಗ್ ಬಂದದ್ದು ಹಾಗೆ. ನಾಟಕ ಕಂಪನಿಯ ಬೋರ್ಡ್ ಅದೇ, ಪಾತ್ರಧಾರಿಗಳು ಪೂರ್ತಿ ಬೇರೆ. ಹಾಗಾಗಿ ಡ್ರಿಫ್ಟರ್ಸ್ ಡಬ್ಬಿ ಕೊಳ್ಳುವಾಗ ವರ್ಷ ನೋಡದೆ ಕೊಳ್ಳಬೇಡಿ.

ಹೆಜ್ಜೆ 3: ಯಾವುದರಿಂದ ಇಳಿಸಿದ್ದು ಅಂತ ಕೇಳಿ

ಮೂಲ ಹಾಡೇ ಸಿಕ್ಕಿತು ಅಂತಿಟ್ಟುಕೊಳ್ಳಿ. ಅದನ್ನು ಮೂಲ ಟೇಪಿನಿಂದ ಇಳಿಸಿದರೋ, ಸವೆದ ಗ್ರಾಮಫೋನ್ ತಟ್ಟೆಯಿಂದ ಇಳಿಸಿದರೋ ಅನ್ನುವುದು ಮುಂದಿನ ಪ್ರಶ್ನೆ.

ಈ ಹಾಡುಗಳನ್ನು ಮಾಡಿದವರು ದೊಡ್ಡ ಕಂಪನಿಗಳಲ್ಲ. ‘ಅರ್ಥ್ ಏಂಜಲ್’ ಹಾಡಿದ್ದು ಲಾಸ್ ಏಂಜಲೀಸಿನ ಒಂದು ಮನೆಯ ಕಾರ್ ಗ್ಯಾರೇಜಿನಲ್ಲಿ. ಅದೂ ಮಾದರಿಗೆ ಅಂತ ಮಾಡಿಕೊಂಡದ್ದು, ಅದೇ ತಟ್ಟೆಯಾಗಿ ಬಂತು. ಅದನ್ನು ಹೊರತಂದ ಡೂಟೋನ್ ಕಂಪನಿ ನಡೆಸುತ್ತಿದ್ದವರು ಡೂಟ್ಸಿ ವಿಲಿಯಮ್ಸ್. ಫೈವ್ ಸ್ಯಾಟಿನ್ಸ್ ಹಾಡಿದ ‘ಇನ್ ದ ಸ್ಟಿಲ್ ಆಫ್ ದ ನೈಟ್’ ಆದದ್ದು ಕನೆಟಿಕಟ್ಟಿನ ನ್ಯೂ ಹೇವನ್‌ನಲ್ಲಿ, ಸೇಂಟ್ ಬರ್ನಡೆಟ್ ಚರ್ಚಿನ ನೆಲಮಾಳಿಗೆಯಲ್ಲಿ. ಮೊದಲು ಸ್ಟ್ಯಾಂಡರ್ಡ್ ಎಂಬ ಪುಟಾಣಿ ಲೇಬಲ್ಲಿನಲ್ಲಿ, ಅಂದರೆ ಕಂಪನಿ ತಟ್ಟೆ ಮೇಲೆ ಹಾಕುವ ಹೆಸರಿನಲ್ಲಿ, ಬಂತು. ಅದರ ಹೆಸರಿನ ಇಂಗ್ಲಿಷ್ ಕಾಗುಣಿತವೂ ಮಾಮೂಲಿನದಲ್ಲ, ನಡುವಿನ ಅಕ್ಷರ ಬೇರೆ. ಆಮೇಲೆ ಎಂಬರ್ ಲೇಬಲ್ ತೆಗೆದುಕೊಂಡು ದೇಶವೆಲ್ಲ ಹಂಚಿತು.

ಇಂಥ ಪುಟ್ಟ ಕಂಪನಿಗಳು ಮುಚ್ಚಿಹೋದವು, ಕೈ ಬದಲಾದವು. ಷಿಕಾಗೋದ ಚಾನ್ಸ್ ಕಂಪನಿ 1954ಕ್ಕೇ ಬಾಗಿಲು ಹಾಕಿತು. ಸ್ಪ್ಯಾನಿಯಲ್ಸ್ ಮತ್ತು ಡೆಲ್ಸ್ ತಂಡಗಳಿಂದ ಹಾಡಿಸಿದ ವೀ-ಜೇ 1966ರಲ್ಲಿ ದಿವಾಳಿಯಾಯಿತು. ಟೇಪುಗಳು ಯಾರದೋ ಗೋದಾಮಿಗೆ, ಯಾರದೋ ಅಟ್ಟಕ್ಕೆ ಹೋದವು. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಆವರಣದಲ್ಲಿ ಬಿದ್ದ ಬೆಂಕಿಯಲ್ಲೂ ಹಳೆಯ ಮೂಲ ಟೇಪುಗಳು ಹೋದವು. ಟೇಪ್ ಇಲ್ಲದಿದ್ದರೆ ಉಳಿಯುವುದು ತಟ್ಟೆ ಮಾತ್ರ.

ತಟ್ಟೆಯಿಂದ ಇಳಿಸಿದ್ದು ಅಂದ ಕೂಡಲೇ ಮುಖ ಸಿಂಡರಿಸಬೇಡಿ. ಚೆನ್ನಾಗಿ ಉಳಿದ ಒಂದು 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ತಟ್ಟೆಗೆ ಸರಿಯಾದ ಮುಳ್ಳು ಹಾಕಿ ನಿಧಾನವಾಗಿ ಇಳಿಸಿದರೆ ಚರಪರ ಅನ್ನುವ ಸದ್ದಿನ ನಡುವೆಯೂ ಹಾಡಿಗೆ ಜೀವ ಇರುತ್ತದೆ. ಕೆಡಿಸುವುದು ಆ ಚರಪರವನ್ನು ಪೂರ್ತಿ ಒರೆಸಲು ಹೋಗುವವರು.

ಇದನ್ನು ನೀವೇ ಪರೀಕ್ಷಿಸಬಹುದು. ಮೂನ್‌ಗ್ಲೋಸ್ ಹಾಡಿದ ‘ಸಿನ್ಸಿಯರ್ಲಿ’ ಹಾಕಿ, ಇಯರ್‌ಫೋನ್ ಹಾಕಿಕೊಳ್ಳಿ, ಮುಂದೆ ಹಾಡುವವನನ್ನು ಬಿಟ್ಟು ಹಿಂದಿನವರ ಮೇಲೆ ಗಮನ ಇಡಿ. ಅವರು ‘ಊ’ ಅಂತ ಸುಮ್ನೆ ಎಳೆಯುವುದಿಲ್ಲ, ಮೈಕಿಗೆ ಉಸಿರು ಊದಿದ ಹಾಗೆ ‘ಹೂ’ ಅಂತ ಶುರುಮಾಡುತ್ತಾರೆ, ಒಲೆ ಊದುವಾಗ ಬರುತ್ತದಲ್ಲ ಅಂಥ ಸದ್ದು, ಅದು ನಿಧಾನಕ್ಕೆ ಸ್ವರವಾಗಿ ಗಟ್ಟಿಯಾಗುತ್ತದೆ. ಇದು ಅವರ ಗುರುತು, ಇದಕ್ಕೆ ಬ್ಲೋ ಹಾರ್ಮನಿ ಅನ್ನುತ್ತಾರೆ. ಸದ್ದು ಒರೆಸುವ ಸಾಫ್ಟ್‌ವೇರಿಗೆ ಉಸಿರೂ ಒಂದೇ, ಗೀಚಿದ ಸದ್ದೂ ಒಂದೇ. ಕೆಟ್ಟ ಮರುಬಿಡುಗಡೆಯಲ್ಲಿ ಆ ‘ಹ’ ಇರುವುದೇ ಇಲ್ಲ, ಬರೀ ‘ಊ’ ಉಳಿದಿರುತ್ತದೆ, ಅದೂ ನೀರಿನೊಳಗಿಂದ ಬಂದ ಹಾಗೆ. ಫೈವ್ ಸ್ಯಾಟಿನ್ಸ್ ಹಾಡಿನಲ್ಲಿ ಸಾಲು ಮುಗಿದ ಮೇಲೆ ಆ ನೆಲಮಾಳಿಗೆಯ ಗೋಡೆಗಳು ಸ್ವಲ್ಪ ಹೊತ್ತು ಮೊಳಗುತ್ತವೆ. ಆ ಬಾಲ ಕತ್ತರಿಸಿದ ಹಾಗೆ ಕೇಳಿದರೆ ಆ ಪ್ರತಿ ಬೇಡ.

ಹೆಜ್ಜೆ 4: ಹೊರತಂದವರು ಯಾರು?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ದುಡ್ಡಿದ್ದರೆ ಜರ್ಮನಿಯ ಬೇರ್ ಫ್ಯಾಮಿಲಿ. 1975ರಲ್ಲಿ ರಿಚರ್ಡ್ ವೈಟ್ಸ ಶುರುಮಾಡಿದ ಕಂಪನಿ. ಇವರ ‘ಸ್ಟ್ರೀಟ್ ಕಾರ್ನರ್ ಸಿಂಫನೀಸ್’ ಸರಣಿಯಲ್ಲಿ 15 ಸಂಪುಟ. ಮೊದಲನೆಯದು 1939ರಿಂದ 1949ರವರೆಗೆ, ಆಮೇಲೆ ವರ್ಷಕ್ಕೊಂದರಂತೆ 1963ರವರೆಗೆ. ಜೊತೆಗೆ ದಪ್ಪ ಪುಸ್ತಿಕೆ. ನಾನು ಒಮ್ಮೆಗೇ ಎಲ್ಲವನ್ನೂ ಕೊಳ್ಳಲಿಲ್ಲ, ಕೊಳ್ಳಲು ಆಗುವುದೂ ಇಲ್ಲ. 1954ರ ಸಂಪುಟ ಮೊದಲು ತಂದೆ. ನೀವೂ ಅಲ್ಲಿಂದಲೇ ಶುರುಮಾಡಿ.

ಇಂಗ್ಲೆಂಡಿನ ಏಸ್ ಕಂಪನಿ ಲೇಬಲ್ ಪ್ರಕಾರ ಸಂಗ್ರಹ ಮಾಡುತ್ತದೆ, ಡೂಟೋನ್ ಹಾಡುಗಳಿಗೇ ಅಂತ ಬೇರೆ ಸಿಡಿಗಳಿವೆ. ಅಮೆರಿಕದ ರೈನೋ 1993ರಲ್ಲಿ ‘ಡೂ ವಾಪ್ ಬಾಕ್ಸ್’ ತಂದಿತು: 4 ಸಿಡಿ, 101 ಹಾಡು. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ. ಹಳೆಯ ಎಲ್‌ಪಿ ಸಿಕ್ಕರೆ ನ್ಯೂಜೆರ್ಸಿಯ ರೆಲಿಕ್ ಲೇಬಲ್ ಬಿಡಬೇಡಿ.

ಇಲ್ಲೊಂದು ತಮಾಷೆ. ಈ ಮರುಬಿಡುಗಡೆಯ ಹುಚ್ಚು ಈಗಿನದಲ್ಲ. 1950ರ ದಶಕ ಮುಗಿಯುವ ಮುಂಚೆಯೇ ಶುರುವಾಯಿತು! ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಸಬ್‌ವೇ ನಿಲ್ದಾಣದೊಳಗೆ ಟೈಮ್ಸ್ ಸ್ಕ್ವೇರ್ ರೆಕಾರ್ಡ್ಸ್ ಅಂತ ಒಂದು ಅಂಗಡಿ ಇತ್ತು. ನಡೆಸುತ್ತಿದ್ದವರು ಇರ್ವಿಂಗ್ ರೋಸ್, ಎಲ್ಲರೂ ಕರೆಯುತ್ತಿದ್ದದ್ದು ಸ್ಲಿಮ್ ಅಂತ. ಅಪರೂಪದ ತಟ್ಟೆಗಳನ್ನು ಗೋಡೆಗೆ ನೇತುಹಾಕಿ, ಯಾರಾದರೂ ತಂದುಕೊಟ್ಟರೆ ಇಷ್ಟು ಕೊಡುತ್ತೇನೆ ಅಂತ ಬರೆಯುತ್ತಿದ್ದ. ಐದೇ ವರ್ಷ ಹಳೆಯ ಹಾಡಿಗಾಗಿ ಹೈಸ್ಕೂಲು ಹುಡುಗರು ಹಳೇ ಅಂಗಡಿಗಳನ್ನೆಲ್ಲ ಜಾಲಾಡಿದರು. ಅತ್ತ ಲಾಸ್ ಏಂಜಲೀಸಿನಲ್ಲಿ ರೇಡಿಯೋದ ಆರ್ಟ್ ಲಬೋ 1959ರಲ್ಲಿ ‘ಓಲ್ಡೀಸ್ ಬಟ್ ಗುಡೀಸ್’ ಎಲ್‌ಪಿ ತಂದರು.

ಇನ್ನು ಆ ಅಗ್ಗದ ಸೆಟ್ಟುಗಳ ಮಾತು. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕು ಮೊದಲು 50 ವರ್ಷ ಇತ್ತು. 2013ರಲ್ಲಿ ಅದನ್ನು 70ಕ್ಕೆ ಏರಿಸಿದರು, ಆದರೆ ಆಗಲೇ ಅವಧಿ ಮುಗಿದಿದ್ದ 1963ಕ್ಕೂ ಹಿಂದಿನ ಹಾಡುಗಳಿಗೆ ಅದು ತಾಗಲಿಲ್ಲ. ಹಾಗಾಗಿ 1950ರ ದಶಕದ ಹಾಡುಗಳನ್ನು ಅಲ್ಲಿ ಯಾರು ಬೇಕಾದರೂ ಸಿಡಿ ಮಾಡಿ ಮಾರಬಹುದು. ಅಮೆರಿಕದಲ್ಲಿ ಹಾಗಲ್ಲ. 2018ರ ಕಾನೂನಿನ ಪ್ರಕಾರ 1954ರ ಧ್ವನಿಮುದ್ರಣಕ್ಕೆ 2064ರ ಕೊನೆಯವರೆಗೂ ರಕ್ಷಣೆ ಇದೆ. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ. ಹಾಡಿನ ಸಾಹಿತ್ಯ, ರಾಗ ಸಂಯೋಜನೆಯ ಹಕ್ಕು ಬೇರೆ ಲೆಕ್ಕ.

ಅಂದರೆ ಅಗ್ಗದ್ದೆಲ್ಲ ಕಳಪೆ ಅಂತಲ್ಲ. ಇಂಗ್ಲೆಂಡಿನ ಜಾಸ್ಮಿನ್, ಆಕ್ರೋಬ್ಯಾಟ್ ಲೇಬಲ್ಲುಗಳು ಇದೇ ದಾರಿಯಲ್ಲಿ ಬಂದರೂ ಪುಸ್ತಿಕೆಯಲ್ಲಿ ಮಾಹಿತಿ ಕೊಡುತ್ತವೆ. ಹೆಸರೇ ಕೇಳದ ಲೇಬಲ್, ಪುಸ್ತಿಕೆ ಇಲ್ಲ, ವರ್ಷ ಇಲ್ಲ, ಬರೀ ಹಾಡಿನ ಪಟ್ಟಿ ಮಾತ್ರ ಇದ್ದರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ.

ಹೆಜ್ಜೆ 5: ಪುಸ್ತಿಕೆ ಓದಿ

ಒಳ್ಳೆಯ ಪುಸ್ತಿಕೆಯಲ್ಲಿ ಪ್ರತಿ ಹಾಡಿಗೂ ಮೊದಲು ಬಂದ ಲೇಬಲ್, ತಟ್ಟೆಯ ಸಂಖ್ಯೆ, ವರ್ಷ ಇರುತ್ತದೆ. ಇವು ಇದ್ದರೆ, ತಟ್ಟೆಗಳ ವಿವರ ಕಲೆಹಾಕಿರುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ತಾಳೆ ನೋಡಬಹುದು. ಹಾಡಿನ ಅವಧಿಯೂ ಕೆಲಸಕ್ಕೆ ಬರುತ್ತದೆ. ತಟ್ಟೆ ಮೇಲೆ ಅಚ್ಚಾದ ಅವಧಿಗೂ ನಿಮ್ಮ ಸಿಡಿಗೂ ಹದಿನೈದು ಇಪ್ಪತ್ತು ಸೆಕೆಂಡು ವ್ಯತ್ಯಾಸ ಇದ್ದರೆ ಅದು ಬೇರೆ ಟೇಕ್, ಅಂದರೆ ಇನ್ನೊಂದು ಸಲ ಹಾಡಿದ್ದು ಇರಬಹುದು, ಅಥವಾ ವೇಗ ತಪ್ಪಿರಬಹುದು.

ಬರೆದವರ ಹೆಸರನ್ನೂ ಗಮನಿಸಿ, ಅಲ್ಲಿ ಇನ್ನೊಂದು ಕಥೆ ಇರುತ್ತದೆ. ಫ್ರ್ಯಾಂಕಿ ಲೈಮನ್ ಮತ್ತು ಟೀನೇಜರ್ಸ್ ಹಾಡಿದ ‘ವೈ ಡು ಫೂಲ್ಸ್ ಫಾಲ್ ಇನ್ ಲವ್’ ಹಾಡಿನ ಮೊದಲ ತಟ್ಟೆಗಳ ಮೇಲೆ ಲೈಮನ್, ಸಾಂಟಿಯಾಗೋ, ಮರ್ಚೆಂಟ್ ಅಂತ ಮೂರು ಹುಡುಗರ ಹೆಸರಿತ್ತು. ಆಮೇಲಿನ ಪ್ರತಿಗಳಲ್ಲಿ ಇಬ್ಬರ ಹೆಸರು ಮಾಯ, ಲೈಮನ್ ಪಕ್ಕದಲ್ಲಿ ಕಂಪನಿಯ ಒಡೆಯ ಜಾರ್ಜ್ ಗೋಲ್ಡ್‌ನರ್ ಹೆಸರು. ಗೋಲ್ಡ್‌ನರ್ ತನ್ನ ಕಂಪನಿಗಳನ್ನು ಮಾರಿದ ಮೇಲೆ ಆ ಜಾಗದಲ್ಲಿ ಕೊಂಡವನಾದ ಮೋರಿಸ್ ಲೆವಿ ಹೆಸರು! ಸಾಂಟಿಯಾಗೋ ಮತ್ತು ಮರ್ಚೆಂಟ್ ಕೋರ್ಟಿಗೆ ಹೋದರು, 1992ರಲ್ಲಿ ಗೆದ್ದರು. 1996ರಲ್ಲಿ ಮೇಲಿನ ಕೋರ್ಟು, ಮೂರು ವರ್ಷದೊಳಗೆ ಕೇಳಬೇಕಿತ್ತು, ತಡವಾಯಿತು ಅಂತ ಅದನ್ನು ತಿರುಗಿಸಿಬಿಟ್ಟಿತು. ನಿಮ್ಮ ಸಿಡಿಯಲ್ಲಿ ಯಾರ ಹೆಸರಿದೆ ಅಂತ ಒಮ್ಮೆ ನೋಡಿ.

ಹೆಜ್ಜೆ 6: ಕೊಳ್ಳುವ ಕ್ರಮ

ಮೊದಲು ಹಲವು ತಂಡಗಳ ಸಂಗ್ರಹ, ಆಮೇಲೆ ಒಂದು ಲೇಬಲ್, ಕೊನೆಗೆ ಒಂದೇ ತಂಡ. ‘ಸಂಪೂರ್ಣ’ ಅಂತ ಬರೆದ ದೊಡ್ಡ ಡಬ್ಬಿಗೆ ಮೊದಲೇ ಕೈ ಹಾಕಬೇಡಿ. ಓರಿಯೋಲ್ಸ್ ನನಗೆ ಪ್ರಾಣ. ಆದರೆ ಅವರ ಮುಂದಾಳು ಸನ್ನಿ ಟಿಲ್ ವಿರಹ ತೋಡಿಕೊಳ್ಳುವ ನಿಧಾನದ ಹಾಡುಗಳನ್ನು ಒಂದರ ಹಿಂದೊಂದು ಇಪ್ಪತ್ತು ಕೇಳಿದರೆ ಯಾರಿಗಾದರೂ ತೂಕಡಿಕೆ ಬರುತ್ತದೆ. ಈ ಹಾಡುಗಳು ಎರಡೂವರೆ ಮೂರು ನಿಮಿಷದವು, ಒಂದೊಂದಾಗಿ ಜೂಕ್‌ಬಾಕ್ಸಿನಲ್ಲಿ, ಅಂದರೆ ಕಾಸು ಹಾಕಿದರೆ ಹಾಡುವ ಪೆಟ್ಟಿಗೆಯಲ್ಲಿ, ಕೇಳಲಿ ಅಂತಲೇ ಮಾಡಿದವು.

ಹೊರದೇಶದಿಂದ ತರಿಸುವುದಾದರೆ ಅಂಚೆ ಖರ್ಚು ಮೊದಲು ನೋಡಿ. ಹಲವು ಸಲ ಅದೇ ಸಿಡಿಗಿಂತ ಜಾಸ್ತಿ. ಮೇಲೆ ಕಸ್ಟಮ್ಸ್ ಬೀಳಬಹುದು. ನಾಲ್ಕು ಗೆಳೆಯರು ಸೇರಿ ಒಟ್ಟಿಗೆ ತರಿಸಿ, ಅಥವಾ ಅಲ್ಲಿರುವ ನೆಂಟರು ಊರಿಗೆ ಬರುವಾಗ ಹೇಳಿ. ಸಿಡಿ ಹಗುರ, ಅವರೂ ಬೇಡ ಅನ್ನುವುದಿಲ್ಲ. 78 ಆರ್‌ಪಿಎಂ ತಟ್ಟೆ ಮಾತ್ರ ಕೇಳಬೇಡಿ, ದಾರಿಯಲ್ಲೇ ಒಡೆದು ಹಪ್ಪಳವಾಗುತ್ತದೆ. ಅದಕ್ಕೆ ಬೇರೆ ದಪ್ಪ ಮುಳ್ಳೂ ಬೇಕು, ಎಲ್‌ಪಿಯ ಮುಳ್ಳು ನಡೆಯುವುದಿಲ್ಲ. ಇನ್ನು 45ರ ‘ಮೂಲ ತಟ್ಟೆ’ ಅಂತ ತೀರಾ ಹೊಳೆಯುವ ಪ್ರತಿ ಅಗ್ಗಕ್ಕೆ ಬಂದರೆ ಅದು ಈಚಿನ ನಕಲು ಇರಬಹುದು. ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಕೊರೆದ ಅಂಕಿಗಳ ಫೋಟೋ ಕೇಳಿ. ಕೊಡದಿದ್ದರೆ ಬಿಡಿ.

ಮೊಬೈಲಿನಲ್ಲಿ ಕೇಳುವವರಿಗೂ ಇದೇ ಕೆಲಸ. ಒಂದೇ ಹಾಡಿನ ಹತ್ತಾರು ಪ್ರತಿ ಬರುತ್ತವೆ. ಆಲ್ಬಂ ವಿವರದಲ್ಲಿ ವೃತ್ತದೊಳಗಿನ ‘ಪಿ’ ಗುರುತಿನ (ಧ್ವನಿಮುದ್ರಣದ ಹಕ್ಕಿನ ಗುರುತು) ಪಕ್ಕ ಯಾರ ಹೆಸರಿದೆ ಅಂತ ನೋಡಿ. ಹಾಡಿನ ಹೆಸರಿನ ಬಾಲದಲ್ಲಿ ‘ರೀ-ರೆಕಾರ್ಡೆಡ್’ ಅಂತ ಇದ್ದರೆ ದಾಟಿ ಮುಂದೆ ಹೋಗಿ. ಒಳ್ಳೆಯ ಪ್ರತಿ ಸಿಕ್ಕ ಕೂಡಲೇ ಪ್ಲೇಲಿಸ್ಟಿಗೆ ಸೇರಿಸಿಕೊಳ್ಳಿ, ನಾಳೆ ಹುಡುಕಿದರೆ ಬೇರೆಯದೇ ಮೇಲೆ ಬಂದಿರುತ್ತದೆ.

ಆ ಮೂರು ಸಿಡಿಗಳ ಸೆಟ್ಟನ್ನು ನಾನು ಇನ್ನೂ ಎಸೆದಿಲ್ಲ. ಮೂರನೇ ಸಿಡಿಯ ಕೊನೆಗೆ ಹಾರ್ಪ್‌ಟೋನ್ಸ್ ತಂಡದ ಒಂದು ಹಾಡಿದೆ. ಹೇಗೆ ನುಸುಳಿತೋ, ಅದೊಂದು ಮಾತ್ರ ಮೂಲದ್ದೇ. ಯಾರದೋ ಸವೆದ ತಟ್ಟೆಯಿಂದ ಇಳಿಸಿದ್ದಾರೆ, ಶುರುವಿನಲ್ಲಿ ಮುಳ್ಳು ಕೂತ ಸದ್ದೂ ಕೇಳುತ್ತದೆ. ಆಮೇಲೆ ವಿಲ್ಲೀ ವಿನ್‌ಫೀಲ್ಡ್ ದನಿ.